ತಾತನಿಗೆ ಕೇಳಿಸಿದ ‘ಆಗ್ಲಿ’

ಮೊನ್ನೆ ಮೇಜಿನ ಡ್ರಾಯರ್ ಎಳೆದಾಗ ಶೇಂಗಾ ಎಣ್ಣೆಯ ವಾಸನೆ ಬಂತು. ಒಳಗೆ ತಾತ ಎಣ್ಣೆ ಸವರಿ ಕೊಟ್ಟಿದ್ದ, ಮಗ್ಗದ ಮರದ ಲಾಳಿ. ನನ್ನ ಬಲಗೈ ತಾನಾಗಿ ಹಿಡಿಯಿಂದ ಹಿಂದೆ ಸರಿಯಿತು...

ತಾತ ಎಂದರೆ ಚಳ್ಳಕೆರೆಯಾಚೆಯ ಹುಲ್ಲುಗಾವಲಿನಲ್ಲಿದ್ದ ನಮ್ಮ ಪ್ರಯೋಗಾಲಯದ ವಾಚ್‌ಮನ್. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯ್ದು ನೇಯ್ದು, ಮಂಡಿ ಸೋತ ಮೇಲೆ ನಮ್ಮ ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಬಂದವರು. ಮನೆಮಾತು ತೆಲುಗು.

ಆ ಕೋಣೆಯಲ್ಲಿ ಅರವತ್ತು ಯಂತ್ರಗಳು ಬಯಲುಗಾಳಿ ಹೇಗೆ ಸುಳಿಯುತ್ತದೆಂದು ಒಟ್ಟಿಗೆ ಲೆಕ್ಕ ಹಾಕುತ್ತಿದ್ದವು. ಲೆಕ್ಕ ಸಲೀಸಾಗಿ ಆಗುತ್ತಿತ್ತು, ಬರೆದಿಡುವುದೇ ಫಜೀತಿ. ಎಲ್ಲವೂ ಒಂದೇ ಫೈಲಿಗೆ ನುಗ್ಗಿ, ಒಂದು ಬರೆಯುವಾಗ ಉಳಿದವು ಕಾಯುತ್ತಿದ್ದವು. ತಲೆ ಹಿಡಿದು ಕೂತ ನನ್ನಿಂದ ವಿಷಯ ಕೇಳಿ ತಾತ ನಕ್ಕರು.

“ಒಂದೇ ಕಂಡಿಕೆಗೆ ಅರವತ್ತು ಜನ ನೂಲು ಸುತ್ತಿದ್ರೆ ಗಂಟಾಗ್ತೈತೆ ಸಾರ್. ಒಬ್ಬೊಬ್ರಿಗೆ ಒಂದೊಂದು ಕಂಡಿಕೆ ಕೊಡ್ರಿ, ಆಮ್ಯಾಲೆ ಜೋಡಿಸ್ಕಳ್ರಿ. ಓದಿದೋರಿಗೆ ಇಷ್ಟೂ ಹೊಳೀಲಿಲ್ವಾ?”

ಕಂಡಿಕೆಯೆಂದರೆ ಲಾಳಿಯೊಳಗೆ ಕೂರುವ ನೂಲಿನ ಕೊಳವೆ. ಯಂತ್ರಕ್ಕೊಂದು ಫೈಲ್ ಕೊಟ್ಟೆ. ಅರ್ಧ ದಿನ ಹಿಡಿಯುತ್ತಿದ್ದ ಬರೆದಿಡುವ ಕೆಲಸ ಒಂದು ಟೀ ಕುಡಿಯುವುದರೊಳಗೆ ಮುಗಿಯತೊಡಗಿತು.

ಮೂರು ವಾರ ಓಡಿದ ಲೆಕ್ಕವನ್ನು ಯಂತ್ರಗಳು ಬರೆದಿಡುತ್ತಿದ್ದ ಒಂದು ಮಧ್ಯಾಹ್ನ ಸುಟ್ಟ ವಾಸನೆ ಎದ್ದಿತು. ತಾತ ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದರು. ನಾನು ಯಂತ್ರಗಳ ಕಬ್ಬಿಣದ ಚೌಕಟ್ಟಿನತ್ತ ಕೈ ಚಾಚುತ್ತಾ, ಬರೆದು ಮುಗಿಯಲಿ ಎಂಬ ಆಸೆಗೆ ಕೂಗಿದೆ: “ಆಗ್ಲಿ ತಾತ, ಆಗ್ಲಿ.”

ಟಪ್. ಯಂತ್ರಗಳೆಲ್ಲ ಸತ್ತವು.

“ಯಾಕ್ ಆಫ್ ಮಾಡಿದ್ರಿ ತಾತ?”

“ನೀವೇ ‘ಆಗಾಲಿ’ ಅಂದ್ರಲ್ರೀ.”

ತೆಲುಗಿನಲ್ಲಿ ಹಾಗೆಂದರೆ ನಿಲ್ಲಬೇಕು ಎಂದರ್ಥ. ನನಗೆ ಅಳುವೇ ಬಂತು. ಅಷ್ಟರಲ್ಲಿ ಬಂದ ಎಲೆಕ್ಟ್ರಿಷಿಯನ್ ತೋರಿಸಿದ: ವೈರ್ ಕರಗಿ, ನಾನು ಹಿಡಿಯಲಿದ್ದ ಚೌಕಟ್ಟಿಗೇ ಅಂಟಿತ್ತು.

“ಮುಟ್ಟಿದ್ರೆ ನಾಳೆ ನಿಮ್ ಮೆರವಣಿಗೇಲಿ ಮಂಡಕ್ಕಿ ಎರಚ್ತಿದ್ವಿ ಸಾರ್,” ಎಂದ.

“ಮಂಡಕ್ಕಿ ಉಳೀತಲ್ಲ, ಮಿರ್ಚಿ ತರ್ಸ್ರಿ,” ಎಂದರು ತಾತ.

ಕರೆಂಟ್ ಬಂದ ಮೇಲೆ ನೋಡಿದರೆ ಒಂದು ಫೈಲ್ ಮಾತ್ರ ಅರ್ಧಕ್ಕೆ ನಿಂತಿತ್ತು. ಮೊದಲಿನಂತೆ ಒಂದೇ ಫೈಲಾಗಿದ್ದರೆ ಮೂರು ವಾರವೂ ನೀರಿಗೆ ಹೋಗುತ್ತಿತ್ತು.

ಹೋದ ವರ್ಷ ತಾತನ ಕೊನೆಯ ಮೆರವಣಿಗೆಯಲ್ಲಿ ನಾನೇ ಮಂಡಕ್ಕಿ ಎರಚಿದೆ. ಕೇಳಬೇಕೆಂದಿದ್ದ ಮಾತು ಉಳಿದುಹೋಯಿತು... ನಮ್ಮೆಲ್ಲರಿಗಿಂತ ಚೆನ್ನಾಗಿ ಕನ್ನಡ ಆಡುತ್ತಿದ್ದವರಿಗೆ ಅಂದು ಮಾತ್ರ ತೆಲುಗು ಹೇಗೆ ಕೇಳಿಸಿತು?

ಲಾಳಿಯನ್ನು ಒಮ್ಮೆ ಮೂಸಿ ಒಳಗಿಟ್ಟೆ. ಡ್ರಾಯರಿನ ಹಿಡಿ ಕಬ್ಬಿಣದ್ದು. ಮೊಣಕೈಯಿಂದ ಮುಚ್ಚಿದೆ.