ಹೊಗೆ ಯಾವ ಕಡೆಗೆ?

ಹರಿಹರದ ರೈಲು ಸೇತುವೆಯ ಬಳಿ ಸಿನಿಮಾ ತಂಡದ ಚಿತ್ರಕಾರ ಮರುದಿನದ ದೃಶ್ಯವನ್ನು ಐದು ಹಾಳೆಗಳಲ್ಲಿ ಬಿಡಿಸಿ ಛಾಯಾಗ್ರಾಹಕರಿಗೆ ತೋರಿಸುತ್ತಿದ್ದ. ದಡದಲ್ಲಿ ನಾಯಕಿ, ಹಿಂದೆ ಹೊಗೆ ಬಿಡುತ್ತ ಸಾಗುವ ರೈಲು. ಬೆಳಗಿನ ಆ ರೈಲು ಒಂದೇ, ಅವರಿಗೆ ಉಳಿದಿದ್ದ ದಿನವೂ ಒಂದೇ.

"ಹೊಗೆ ಆ ಕಡೆ ಹೋಗಲ್ರಿ, ಈ ಬದಿಗೇ ಬರ್ತೈತೆ. ಆಯಮ್ಮನ ಮುಖಾನೇ ಕಾಣಲ್ಲ," ಎಂದೆ, ಪಕ್ಕದಲ್ಲಿ ನಿಂತು ನೋಡುತ್ತಿದ್ದ ನಾನು.

"ನೀವೇನು ಗಾಳಿ ಇಲಾಖೆಯವರಾ?" ಎಂದು ಛಾಯಾಗ್ರಾಹಕರು ನಕ್ಕರು.

"ಸ್ಟೇಷನ್ನಿನವನ್ರಿ. ಹತ್ತು ವರ್ಷದಿಂದ ದಿನಾ ಆ ರೈಲಿಗೆ ಬಾವುಟ ತೋರಿಸ್ತೀನಿ."

ಚಿತ್ರಕಾರ ನಗಲಿಲ್ಲ. ಐದೂ ಹಾಳೆ ಅಳಿಸಿ, ನಾಯಕಿಯನ್ನೂ ಕ್ಯಾಮೆರಾವನ್ನೂ ಸೇತುವೆಯ ಇನ್ನೊಂದು ಬದಿಗೆ ಬಿಡಿಸಿದ. ಮರುದಿನ ಹಾಳೆಯಲ್ಲಿದ್ದ ಜಾಗದಲ್ಲೇ ಕ್ಯಾಮೆರಾ ನಿಂತಿತು. ರೈಲು ಬಂತು, ಹೊಗೆ ಆಚೆ ಸರಿಯಿತು, ನಾಯಕಿಯ ಮುಖ ನಿಚ್ಚಳವಾಗಿ ಕಂಡಿತು.

ಅಲ್ಲಿಯವರೆಗೆ ಸ್ಟೇಷನ್ನಿನ ರಿಜಿಸ್ಟರಿನಲ್ಲಿ ಒಂದು ಅಕ್ಷರ ತಿದ್ದುವುದೂ ನನಗೆ ಅವಮಾನವೆನಿಸುತ್ತಿತ್ತು. ಐದೂ ಹಾಳೆ ಅಳಿಸಿದ ಅವನನ್ನು ನೋಡಿದಂದಿನಿಂದ ಯಾರಾದರೂ ತಪ್ಪು ತೋರಿಸಿದರೆ ಮೊದಲು ಅವರ ಮಾತನ್ನು ಪೂರ್ತಿ ಕೇಳುತ್ತೇನೆ.