ಕೌದಿ ಬಟ್ಟೆಯಲ್ಲೊಂದು ಟ್ಯೂನಿಕ್

2023ರ ಬೇಸಿಗೆ. ಅರಸೀಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನಾನು ಲೇಡೀಸ್ ಟೈಲರ್ ಆಗಿ ಕೂತು ಆಗಲೇ ಇಪ್ಪತ್ತು ವರ್ಷ ದಾಟಿತ್ತು. ಮದುವೆಯ ಸೀಸನ್ನಾದ್ದರಿಂದ ರವಿಕೆಗಳ ರಾಶಿಯಲ್ಲಿ ಮುಳುಗಿದ್ದೆ. ಹೊಸ ಬಟ್ಟೆ ಹಿಡಿದು ಯಾರು ಬಾಗಿಲಿಗೆ ಬಂದರೂ ಮೈ ಉರಿಯುತ್ತಿತ್ತು. ಅಂಥದೊಂದು ಮಧ್ಯಾಹ್ನ ಹಳೇಬೀಡಿನ ಸುಮತಿಯಮ್ಮ ಸೊಸೆ ವಿದ್ಯಾಳ ಜೊತೆ ಬಂದರು.

ಸುಮತಿಯಮ್ಮ ಹಳೆಯ ಗಿರಾಕಿ, ಜೈನರ ಮನೆಯವರು. ಅರವತ್ತರ ಹತ್ತಿರದ ವಯಸ್ಸು. ಹಿಂದಿನ ಮಳೆಗಾಲದಲ್ಲಿ ಜಾರಿ ಬಿದ್ದು ಅವರ ಬಲಭುಜ ಮುರಿದಿತ್ತು. ಮೂಳೆ ಕೂಡಿದರೂ ಕೈ ಎದೆಯ ಮಟ್ಟಕ್ಕೂ ಏಳುತ್ತಿರಲಿಲ್ಲ. ಸ್ನಾನ ಮಾಡಿ ಬಸದಿಗೆ ಹೋಗಿ ಬರದೆ ತುತ್ತು ಬಾಯಿಗಿಡದಿದ್ದ ಹೆಂಗಸು ಈಗ ದಿನವಿಡೀ ನೈಟಿಯಲ್ಲಿ ಮನೆಯಲ್ಲೇ ಕೂರುವಂತಾಗಿತ್ತು. ಸೀರೆ ಉಡಬೇಕೆಂದರೆ ವಿದ್ಯಾಳೇ ಉಡಿಸಬೇಕು. ಅವಳಿಗೋ ಬೆಳಗ್ಗೆ ಅಡುಗೆ, ಮಗು, ಆಮೇಲೆ ಶಾಲೆಯ ಕೆಲಸ.

"ನಾನು ಉಡಿಸ್ತೀನಿ ಅಂದ್ರೂ ಕೇಳಲ್ಲ ಕಣಕ್ಕ. ನಿನ್ನ ಯಾಕೆ ಎಬ್ಬಿಸ್ಲಿ ಅಂತ ಬಸದಿಗೆ ಹೋಗೋದೇ ಬಿಟ್ಟವ್ರೆ," ಎಂದಳು ವಿದ್ಯಾ.

ಅವಳು ಬ್ಯಾಗಿನಿಂದ ತೆಗೆದದ್ದು ಮಗುವಿಗೆ ಕೌದಿ ಹೊಲಿಯಲೆಂದು ಅತ್ತೆ ಕೈ ಮುರಿಯುವ ಮೊದಲೇ ಕೊಂಡಿಟ್ಟಿದ್ದ ಬಟ್ಟೆ. ಅಂಗಡಿಯವರು ಇದನ್ನು ಕ್ವಿಲ್ಟಿಂಗ್ ಕಾಟನ್ ಎನ್ನುತ್ತಾರೆ. ಒತ್ತಾದ ನೇಯ್ಗೆ, ಸಣ್ಣ ಸಣ್ಣ ನೀಲಿ ಹೂವು, ಸ್ವಲ್ಪ ಬಿರುಸು. ಇದರಲ್ಲಿ ಮೊಣಕಾಲು ಮುಟ್ಟುವ ಸಡಿಲ ಟಾಪ್, ಅಂದರೆ ಟ್ಯೂನಿಕ್ ಬೇಕಂತೆ, ಕೆಳಗೆ ಎಲಾಸ್ಟಿಕ್ ಹಾಕಿದ ಲಂಗ.

"ಇದು ಮೈಮೇಲೆ ಇಳಿಬೀಳಲ್ಲ ಸುಮತಿಯಮ್ಮ. ಸೋಫಾಕ್ಕೆ ಕವರ್ ಹಾಕ್ದಂಗೆ ಕಾಣ್ತೀರ," ಎಂದೆ.

"ಈ ವಯಸ್ಸಲ್ಲಿ ಚೂಡಿದಾರ್ ಹಾಕ್ಕೊಳೋಳ್ಗೆ ಹೆಂಗೆ ಕಂಡ್ರೇನಮ್ಮ? ಯಾರ್‍ನೂ ಕರೀದಂಗೆ ನಾನೇ ಹಾಕ್ಕೊಬೇಕು. ಅಷ್ಟೇ."

ನಮ್ಮ ಕಡೆ ಹೆಂಗಸರು ಟೈಲರ್ ಹತ್ತಿರ ಮೈ ಅಳತೆ ಕೊಡುವುದು ಕಡಿಮೆ. ಚೆನ್ನಾಗಿ ಕೂರುವ ಹಳೆಯದೊಂದು ರವಿಕೆಯನ್ನು ಅಳತೆಗೆಂದು ತರುತ್ತಾರೆ, ನಾವು ಅದನ್ನೇ ನೋಡಿ ಕತ್ತರಿಸುತ್ತೇವೆ. ಸುಮತಿಯಮ್ಮನೂ ತಮ್ಮ ಅಳತೆ ರವಿಕೆಯನ್ನೇ ಕೊಟ್ಟರು. ಬಟ್ಟೆಯನ್ನು ನೀರಲ್ಲಿ ನೆನೆಸಿ, ಕುಗ್ಗುವಷ್ಟು ಕುಗ್ಗಲು ಬಿಟ್ಟು, ಒಣಗಿಸಿ, ಆ ರವಿಕೆಯ ಲೆಕ್ಕಕ್ಕೆ ಎರಡಿಂಚು ಸಡಿಲ ಸೇರಿಸಿ ಹೊಲಿದೆ. ತಲೆಯ ಮೇಲಿಂದ ಹಾಕಿಕೊಳ್ಳುವಂತೆ ದುಂಡನೆಯ, ಅಗಲವಾದ ಕೊರಳು. ಹೂವು ಸಾಲು ತಪ್ಪದಂತೆ ಜೋಡಿಸಿದ್ದಕ್ಕೆ ನನಗೇ ನನ್ನ ಮೇಲೆ ಮೆಚ್ಚುಗೆ.

ಮುಂದಿನ ವಾರ ಇಬ್ಬರೂ ಟ್ರಯಲ್‌ಗೆ ಬಂದರು. ಪರದೆಯ ಹಿಂದೆ ಸುಮತಿಯಮ್ಮ ಒಬ್ಬರೇ ಹೋದರು. ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಇಣುಕಿ ನೋಡಿದರೆ ಟ್ಯೂನಿಕ್ ತಲೆಯ ಮೇಲೆ ಸಿಕ್ಕಿಕೊಂಡಿದೆ, ಎಡಗೈ ಒಳಗೆ, ಬಲಗೈ ಹೊರಗೆ. ಬಟ್ಟೆಯೊಳಗಿಂದಲೇ ಹೇಳಿದರು: "ವಿದ್ಯಾನ್ನ ಕರೀಬೇಡ ಕಣಮ್ಮ."

ಅಳತೆ ರವಿಕೆ ಸುಳ್ಳು ಹೇಳಿರಲಿಲ್ಲ, ಎದೆ ಸುತ್ತಳತೆ ಸರಿಯಾಗಿಯೇ ಇತ್ತು. ಆದರೆ ಅದು ಬೀಳುವ ಮೊದಲಿನ ಸುಮತಿಯಮ್ಮನ ಅಳತೆ. ಕೈ ಎಷ್ಟು ಏಳುತ್ತದೆ ಎಂಬುದು ಯಾವ ರವಿಕೆಯಲ್ಲೂ ಬರೆದಿರುವುದಿಲ್ಲ.

ಟ್ಯೂನಿಕ್ ಬಿಡಿಸಿ ತಂದು ಮೇಜಿನ ಮೇಲೆ ಹಾಸಿದೆ. ಶರ್ಟಿನಂತೆ ತೊಡಲು ಬರಲಿ ಎಂದು ಕೊರಳಿನಿಂದ ಅಂಚಿನವರೆಗೆ ಮುಂಭಾಗವನ್ನು ನೇರವಾಗಿ ಕತ್ತರಿಸಿಬಿಟ್ಟೆ. "ಅಯ್ಯೋ, ಹೊಸ ಬಟ್ಟೆ!" ಎಂದು ವಿದ್ಯಾ ಬಾಯಿ ಬಿಟ್ಟಳು.

ಆಮೇಲೆ ವೇಲಿನಿಂದ ನನ್ನ ಬಲಗೈಯ ಮೇಲ್ದೋಳನ್ನು ಪಕ್ಕೆಗೆ ಬಿಗಿಯಾಗಿ ಕಟ್ಟಲು ಅವಳಿಗೆ ಹೇಳಿದೆ. ಮೊದಲು ಮುಂದೆ ತೆರೆಯುವ ನನ್ನದೇ ತೆಳು ಕಾಟನ್ ಟಾಪ್ ಒಂದನ್ನು ಸೊಂಟದೆತ್ತರದ ಮೊಳೆಗೆ ನೇತುಹಾಕಿ, ಅದರ ತೋಳಿಗೆ ಕೈ ತೂರಿಸಲು ಪ್ರಯತ್ನಿಸಿದೆ. ತೋಳು ಕುಸಿದು ಕೈಗೆ ಸುತ್ತಿಕೊಂಡಿತು. ನಂತರ ಸುಮತಿಯಮ್ಮನ ಟ್ಯೂನಿಕ್. ನಾನು ಬೈದಿದ್ದ ಆ ಬಿರುಸಿನಿಂದಾಗಿಯೇ ತೋಳು ಬಾಯಿ ತೆರೆದು ನಿಂತಿತ್ತು. ಕಟ್ಟಿದ ಕೈಯ ಬೆರಳು ತೂರಿಸಿ ಪಕ್ಕಕ್ಕೆ ಸರಿದರೆ ಸಾಕು, ಬಟ್ಟೆ ತಾನಾಗಿ ಕಟ್ಟಿನವರೆಗೂ ಮೇಲೇರಿತು. ನೋವಿರುವ ಕೈ ಮೊದಲು, ಚೆನ್ನಾಗಿರುವ ಕೈ ಆಮೇಲೆ. ಸುಮತಿಯಮ್ಮ ನನ್ನ ಒದ್ದಾಟ ನೋಡಿ ನಕ್ಕರು. "ಈಗ ಗೊತ್ತಾಯ್ತಾ ನನ್ನ ಪಾಡು?" ಎಂದರು.

ಎರಡು ದಿನ ರವಿಕೆಗಳನ್ನೆಲ್ಲ ಪಕ್ಕಕ್ಕಿಟ್ಟೆ. ಬಲತೋಳನ್ನು ಕಂಕುಳಿನಲ್ಲಿ ಅಗಲ ಮಾಡಿದೆ. ಮುಂದೆ ಪಟ್ಟಿ ಕೊಟ್ಟು, ಎಡಗೈ ಒಂದಕ್ಕೇ ಸಿಗುವಂಥ ದೊಡ್ಡ ಬಟನ್ ಹಾಕಿದೆ. ಬಸದಿಯಲ್ಲಿ ಅರ್ಪಿಸಲು ಒಯ್ಯುವ ಅಕ್ಕಿಯ ಪೊಟ್ಟಣಕ್ಕೆಂದು ಎಡಗಡೆ ಒಂದು ಜೇಬು. ಕೊರಳ ಹಿಂದೆ ಮೊಳೆಗೆ ತೂಗುಹಾಕಲು ಗಟ್ಟಿ ಕುಣಿಕೆ. ಮೊಳೆಯನ್ನು ಅವರ ಸೊಂಟದ ಮಟ್ಟಕ್ಕೇ ಹೊಡೆಸಬೇಕೆಂದು ವಿದ್ಯಾಳಿಗೆ ತಾಕೀತು ಮಾಡಿದೆ.

ಅವರು ಟ್ಯೂನಿಕ್ ಒಯ್ದ ಕೆಲವು ದಿನಕ್ಕೆ ಬೆಳಗ್ಗೆಯೇ ವಿದ್ಯಾಳ ಫೋನ್. ಬಟನ್ ಕಿತ್ತುಬಂದಿರಬೇಕು ಅಂದುಕೊಂಡೆ.

"ಎದ್ದು ನೋಡಿದ್ರೆ ಅತ್ತೆ ಮನೇಲಿಲ್ಲ ಕಣಕ್ಕ! ಗಾಬರಿಯಾಗಿ ಬೀದಿಯೆಲ್ಲ ಹುಡುಕಿದ್ವಿ. ಬಸದಿ ಹತ್ರ ಹೋದ್ರೆ ಅಲ್ಲಿ ಮೆಟ್ಟಿಲ ಮೇಲೆ ಆರಾಮಾಗಿ ಕೂತವ್ರೆ. ಹೇಳ್ದೆ ಯಾಕೆ ಬಂದ್ರಿ ಅಂದ್ರೆ, ಹೇಳೋಕೆ ನಿನ್ನ ಎಬ್ಬಿಸ್ಬೇಕಿತ್ತಲ್ಲ ಅಂತಾರೆ."

ಬೈಯುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ನಾನಂತೂ ಅತ್ತುಬಿಟ್ಟೆ.

ಇಂದಿಗೂ ಗಿರಾಕಿಗಳು ಅಳತೆ ರವಿಕೆ ತರುತ್ತಾರೆ, ನಾನೂ ತೆಗೆದುಕೊಳ್ಳುತ್ತೇನೆ. ಆದರೆ ಟೇಪು, ಕತ್ತರಿ ಮುಟ್ಟುವ ಮೊದಲು ಎಲ್ಲರಿಗೂ ಒಂದು ಮಾತು ಹೇಳುತ್ತೇನೆ: "ಎರಡೂ ಕೈ ಎತ್ತಿ, ನೋಡೋಣ." ಯಾಕೆ ಎಂದು ಕೇಳಿದವರಿಗೆ ಹಳೇಬೀಡಿನ ಆ ನೀಲಿ ಹೂವಿನ ಟ್ಯೂನಿಕ್ಕಿನ ಕಥೆ ಹೇಳುತ್ತೇನೆ.