ಫ್ಲೋರೈಡ್ ಕುಡಿಯುವ ಜೀವಿಗಳು

ಪಾವಗಡದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಡಂ. ಆ ವರ್ಷ ತಾಲ್ಲೂಕು ಮಟ್ಟದ ಭಾಷಣ ಸ್ಪರ್ಧೆಗೆ ‘ನೀರಿಲ್ಲದ ಲೋಕದಲ್ಲಿ ಜೀವ’ ಎಂಬ ವಿಷಯವನ್ನು ನಾನೇ ಆರಿಸಿದೆ. ನೀರಿಲ್ಲದ್ದರ ಬಗ್ಗೆ ನಮಗಿಂತ ಚೆನ್ನಾಗಿ ಯಾರು ಮಾತಾಡಿಯಾರು ಎಂಬ ಕೊಬ್ಬು ನನಗೆ.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳನ್ನು ತಯಾರು ಮಾಡಿದೆ. ಇಂಗಾಲದ ಬದಲು ಸಿಲಿಕಾನಿನಲ್ಲಿ ಮೈ ಕಟ್ಟಿಕೊಂಡ ಜೀವಿಗಳು ಇರಬಹುದೇ, ಕೊರೆಯುವ ಚಳಿಯ ಗ್ರಹದಲ್ಲಿ ನೀರಿನ ಕೆಲಸವನ್ನು ಅಮೋನಿಯಾ ಮಾಡಬಹುದೇ ಎಂದೆಲ್ಲ ಹೇಳಿಕೊಟ್ಟೆ. ಯಾರೂ ಕಂಡಿಲ್ಲ, ಎಲ್ಲ ಊಹೆ. ಅವಳು ಹಿಡಿದುಕೊಂಡದ್ದು ಹೈಡ್ರೋಜನ್ ಫ್ಲೋರೈಡನ್ನು. ಇಲ್ಲಿ ಗಾಜನ್ನೇ ತಿನ್ನುವ ಆ ದ್ರವ ಬೇರೆಲ್ಲೋ ಜೀವಕ್ಕೆ ನೀರಾಗಬಹುದು ಎಂದಾಗ ಅವಳ ಕಣ್ಣು ಅರಳಿತು.

“ಮಿಸ್, ನಮ್ಮೂರ ಬೋರ್ ನೀರಲ್ಲಿ ಐತಲ್ಲ, ಆ ಫ್ಲೋರೈಡೇನಾ?”

“ಅದರ ದಾಯಾದಿ ಅಂದ್ಕೋ.”

“ಅಂಗಾದ್ರೆ ಆ ಗ್ರಹದವ್ರು ನಮ್ ನೀರು ಕುಡ್ದು ಗಟ್ಟಿಮುಟ್ಟಾಗಿರ್ತಾರೆ ಬುಡಿ. ನಾವೇ ತಪ್ಪಿ ಇಲ್ಲಿ ಹುಟ್ಬುಟ್ಟಿದ್ದೀವಿ.”

ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳ ಹಲ್ಲುಗಳ ಮೇಲೆ ಬೋರ್ ನೀರಿನ ಫ್ಲೋರೈಡ್ ಎಳೆದ ಕಂದು ಪಟ್ಟೆಗಳಿದ್ದವು. ಆ ಊರಿನ ಮಕ್ಕಳೆಲ್ಲ ನಗುವುದೇ ಹಾಗೆ. ಆ ಮಾತನ್ನು ಭಾಷಣಕ್ಕೂ ಸೇರಿಸಿಕೊಂಡಳು.

ಒಪ್ಪಿಗೆ ಕೇಳಲು ಅವಳ ಮನೆಗೆ ಹೋದೆ. ತಾಯಿ ಲೋಟ ತಂದುಕೊಟ್ಟು, “ಕುಡೀರಿ ಮೇಡಂ, ಫಿಲ್ಟರ್ ನೀರೇ” ಎಂದರು. ಹುಡುಗಿ ಅಲ್ಲೇ ಬೋರ್ ನೀರಿನ ಕೊಡದಿಂದ ಮೊಗೆದು ಕುಡಿದಳು. ಬಂದವರಿಗೆ ಕ್ಯಾನಿನ ನೀರು, ಮನೆಯವರಿಗೆ ಬೋರಿನದು. ನಮ್ಮ ಕಡೆ ಮರ್ಯಾದೆ ಎಂದರೆ ಇದು. ಬೇಡ, ಮಗುವಿಗೆ ಕೊಡಿ ಅನ್ನಬೇಕಿತ್ತು. ಬಿಸಿಲಲ್ಲಿ ನಡೆದು ಬಂದಿದ್ದೆ, ಲೋಟ ಖಾಲಿ ಮಾಡಿದೆ.

ಸ್ಪರ್ಧೆಗೆ ಎರಡು ದಿನ ಇರುವಾಗ ಮುಖ್ಯೋಪಾಧ್ಯಾಯರು ಕರೆದರು.

“ಹುಡುಗಿ ಚೂಟಿ, ಇಲ್ಲ ಅನ್ನಲ್ಲ. ಆದ್ರೆ ಸ್ಟೇಜ್ ಮೇಲೆ ಬಾಯಿ ತೆಗೆದ್ರೆ ಹಲ್ಲೇ ಕಾಣ್ತವಲ್ಲ ಮೇಡಂ. ಬೇರೆ ಯಾರನ್ನಾದ್ರೂ ಕರ್ಕೊಂಡೋಗಿ.”

ಮೂಗಿನ ತುದಿಯಲ್ಲೇ ಕೋಪ ಎಂದು ಶಾಲೆಯಲ್ಲೆಲ್ಲ ಹೆಸರಾದವಳು ನಾನು. ಅಂದು “ಆಯ್ತು ಸಾರ್” ಎಂದೆ. ಅವಳ ಭಾಷಣವನ್ನು ಪಾವಗಡ ಪೇಟೆಯಿಂದ ಬರುವ ಇನ್ನೊಬ್ಬಳ ಕೈಗಿಟ್ಟು ಬಾಯಿಪಾಠ ಮಾಡು ಎಂದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು, ಆದರೂ ಮಾಡಿದೆ.

ಹುಡುಗಿಗೆ ನಿನ್ನ ದನಿ ಸಾಲದು ಎಂದು ಸುಳ್ಳು ಹೇಳಿದೆ. ಅವಳು ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತು ಕೇಳಿದಳು:

“ಮಿಸ್, ನಿಮ್ದು ಯಾವೂರು? ನಿಮ್ ಹಲ್ಲು ಎಷ್ಟು ಬೆಳ್ಳಗವೆ.”

ನಾನು ಹುಟ್ಟಿದ್ದು ತಿರುಮಣಿಯ ಪಕ್ಕದ ಹಳ್ಳಿಯಲ್ಲಿ. ಅವಳೂರಿನ ಬಸ್ಸಿನಲ್ಲೇ ಇನ್ನರ್ಧ ಗಂಟೆ ಹೋದರೆ ಸಿಗುತ್ತದೆ. ಕುಡಿದು ಬೆಳೆದದ್ದು ಅಂಥದೇ ನೀರು. ಕೆಲಸ ಸಿಕ್ಕ ವರ್ಷವೇ ಸಿರಾದಲ್ಲಿ ಮುಂದಿನ ಹಲ್ಲುಗಳಿಗೆಲ್ಲ ಕ್ಯಾಪ್ ಹಾಕಿಸಿಕೊಂಡಿದ್ದೆ. ಅಷ್ಟನ್ನು ಹೇಳಿದ್ದರೆ, ಇಂಥ ಹಲ್ಲಿನವಳೂ ಮೇಡಂ ಆಗಬಹುದು ಎಂದಾದರೂ ಅವಳಿಗೆ ಗೊತ್ತಾಗುತ್ತಿತ್ತು.

“ಮಧುಗಿರಿ ಕಡೆ, ದೊಡ್ಡೇರಿ ಕಣಮ್ಮ” ಎಂದೆ. “ಅಲ್ಲಿ ನೀರು ಚೆನ್ನಾಗಿದೆ.”